ಬಾಯಮ್ಮನ ಮಲ್ಲಿಗೆ, ನಮ್ಮ ಟ್ಯಾಂಕಿನ ನೀರು

ಬಾಯಮ್ಮನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಕಟ್ಟಿ ನಾರಿನ ಕರೆ ಉಗುರಿನೊಳಗೆ ಇಳಿದುಬಿಟ್ಟಿತ್ತು. ಎಡಗೈಯದೋ ಬಲಗೈಯದೋ ಎಂದು ಯಾರಾದರೂ ಕೇಳಿದರೆ ಖಚಿತವಾಗಿ ಹೇಳಲಾರೆ. ಇದೇ ನೆನಪಿನಿಂದ ಜಾರಿಹೋಗಿರುವಾಗ ಮುಂದೆ ಬರೆಯುವುದನ್ನು ನಾನಾದರೂ ಎಷ್ಟು ನಂಬಬೇಕೋ ತಿಳಿಯದು.

ಕಾಪುವಿನಿಂದ ಸ್ವಲ್ಪ ಒಳಗೆ ನಮ್ಮ ಊರು. ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ನಾವೆಲ್ಲ ಬಾಯಮ್ಮ ಎಂದೇ ಕರೆಯುವುದು. ಪಕ್ಕದ ಮನೆಯ ಈ ಬಾಯಮ್ಮನ ಹಿತ್ತಿಲ ತುಂಬ ಮಲ್ಲಿಗೆ ಗಿಡಗಳು. ನಸುಕಿನಲ್ಲಿ ಮೊಗ್ಗು ಕೊಯ್ದು, ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಹೂ ಕೊಳ್ಳುವ ಕಟ್ಟೆಗೆ ಕೊಡುತ್ತಿದ್ದರು. ಅಲ್ಲಿಂದ ಅದು ಉಡುಪಿಯ ಗುಡಿಗಳಿಗೆ, ಮದುವೆ ಮನೆಗಳಿಗೆ ಹೋಗುತ್ತಿತ್ತು. ಚಪ್ಪಲಿ ಹಾಕಿಕೊಂಡು ಗಿಡಗಳ ಬಳಿ ಹೋದರೆ ಗದರುತ್ತಿದ್ದರು. ಮೀನು ಮುಟ್ಟಿದ ಕೈಯಲ್ಲಿ ಹೂ ಮುಟ್ಟುತ್ತಿರಲಿಲ್ಲ. “ನಿಮ್ಮ ದೇವರಿಗೆ ಹೋಗುವುದಲ್ವಾ?” ಎನ್ನುತ್ತಿದ್ದರು, ನಮ್ಮ ಮನೆಯ ನೆಂಟರೊಬ್ಬರ ಬಗ್ಗೆ ಹೇಳುವಂತೆ.

ನಾವು ಮನೆ ಕಟ್ಟಿದಾಗ ಶೌಚದ ಗುಂಡಿಗೆ ಜಾಗ ಉಳಿದದ್ದು ಅವರ ಬಾವಿಯ ಕಡೆಗೆ ಮಾತ್ರ. ಅವರು ಬೇಡ ಎನ್ನಲಿಲ್ಲ. ಬೇಲಿಯ ಹತ್ತಿರ ನಿಂತು ಬಾವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅಷ್ಟು ಸಾಕಾಯಿತು. ಗುಂಡಿಯ ಯೋಚನೆ ಬಿಟ್ಟು, ಕೊಳಚೆಯನ್ನು ಒಳಗೇ ಶುದ್ಧ ಮಾಡುವ, ಸೋರದ ಟ್ಯಾಂಕನ್ನು ನೆಲದಡಿ ಹೂಳಿಸಿದೆವು.

ಜೆಸಿಬಿ ಬಂದ ದಿನ ಬಾಯಮ್ಮ ಬಾವಿಯ ಬಳಿಯಿಂದ ಅಲುಗಲಿಲ್ಲ.

“ಸ್ವಲ್ಪ ಹಿಂದೆ ನಿಲ್ಲಿ ಬಾಯಮ್ಮ” ಎಂದ ಚಾಲಕ.

“ನಾನು ನಿಂತದ್ದು ನನ್ನ ಬಾವಿಯ ಹತ್ತಿರ. ನಿನ್ನ ಆನೆಯನ್ನು ನೀನೇ ಹಿಂದೆ ತೆಗೆ.”

ಮಳೆಗಾಲದಲ್ಲಿ ಒರತೆ ಎದ್ದರೆ ಖಾಲಿ ಟ್ಯಾಂಕು ತೇಲಿ ಮೇಲೆ ಬರುತ್ತದೆಂದು ಅದನ್ನು ಇಳಿಸಿದ ಕೂಡಲೇ ನೀರು ತುಂಬಿಸಿದರು. “ಇದಕ್ಕೂ ಮನೆಯ ಹಾಗೆ ಒಕ್ಕಲು ಉಂಟಾ? ಗೃಹಪ್ರವೇಶದ ಪಾಯಸ ಎಲ್ಲಿ?” ಎಂದು ಬಾಯಮ್ಮ ನಕ್ಕರು.

ಮರು ಬೇಸಗೆಯಲ್ಲಿ ಅವರ ಬಾವಿಯ ತಳ ಕಂಡಿತು. ಮಲ್ಲಿಗೆ ಬಿಡುವ ಹೊತ್ತಿಗೇ ಗಿಡಗಳು ಬಾಡತೊಡಗಿದವು. ನಮ್ಮ ಟ್ಯಾಂಕಿನಿಂದ ಶುದ್ಧವಾಗಿ ಹೊರಬರುವ ತಿಳಿನೀರು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಪೈಪನ್ನು ಅವರ ಗಿಡಗಳಿಗೆ ತಿರುಗಿಸುತ್ತೇನೆ ಎಂದೆ.

“ವಾಸನೆ ಇಲ್ಲ ಬಾಯಮ್ಮ, ಶುದ್ಧ ಉಂಟು.”

“ಇರಬಹುದು ಮಾರಾಯ, ನಾನು ಇಲ್ಲ ಅಂದೆನಾ? ಆದರೆ ಹೂ ತಕ್ಕೊಳ್ಳುವವರಿಗೆ ಹೇಳ್ಬೇಕಲ್ಲ.”

ಮರುದಿನ ನನ್ನ ಸ್ಕೂಟರಿನ ಹಿಂದೆ ಕೂತು ಕಟ್ಟೆಗೆ ಬಂದು ಹೂವಿನವನನ್ನು ಕೇಳಿದರು.

“ನೀರು ಎಲ್ಲಿಯದು ಅಂತ ಯಾರು ಕೇಳ್ತಾರೆ ಬಾಯಮ್ಮ? ಸುಮ್ಮನೆ ಹೊಯ್ಯಿರಿ” ಎಂದ ಅವನು.

“ಹೇಳಿ ಕೊಟ್ಟರೆ ತಕ್ಕೊಳ್ತೀಯಾ?”

“ಹೇಳಿದರೆ ನಾನು ಹೇಗೆ ತಕ್ಕೊಳ್ಳುವುದು?”

“ಹಾಗಾದರೆ ಬೇಡ.”

ಬಾವಿಯಲ್ಲಿದ್ದಷ್ಟು ನೀರನ್ನು ಮೇಲಿನ ಸಾಲುಗಳಿಗೆ ಹೊಯ್ದು, ಕೆಳಗಿನ ಸಾಲನ್ನು ಒಣಗಲು ಬಿಟ್ಟರು. ಆಗಲೇ ಅವರನ್ನು ಮೆಚ್ಚಿಕೊಂಡೆ ಎಂದು ಬರೆಯಲು ಮನಸ್ಸಾಗುತ್ತದೆ. ನಿಜವಾಗಿ ಬಂದದ್ದು ಸಿಟ್ಟೇ ಇರಬೇಕು. ತೆಂಗಿನ ಬುಡದಲ್ಲಿ ನೀರು ಹರಿಯುತ್ತಿತ್ತು, ಬೇಲಿಯಾಚೆ ಗಿಡಗಳು ಸುಡುತ್ತಿದ್ದವು. ಬಾಯಮ್ಮ ಸಂಜೆಗಳಲ್ಲಿ ಆ ಒಣಗಿದ ಸಾಲಿನ ಬಳಿ ಕುಳಿತಿರುತ್ತಿದ್ದರು.

ಆ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಒಣಗಿದ್ದ ಕೆಲವು ಬುಡಗಳು ಮಳೆಗೆ ಚಿಗುರಿದ್ದವು. ಮುಂದಿನ ಬೇಸಗೆಯಲ್ಲಿ ಅವರ ಸೊಸೆ ನನ್ನನ್ನು ಕೇಳಿ ಆ ಕೆಳಗಿನ ಒಂದು ಸಾಲಿಗೆ ನಮ್ಮ ಪೈಪು ಎಳೆದುಕೊಂಡರು. ಮೊದಲ ಹೂ ಬಿಟ್ಟ ಬೆಳಿಗ್ಗೆ, ಮಲ್ಲಿಗೆ ಕಟ್ಟಿ ಬಾಳೆಲೆಯಲ್ಲಿ ಸುತ್ತಿದ ಚೆಂಡು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

“ಅತ್ತೆ ಇದ್ದಿದ್ದರೆ ಹೇಳದೆ ಮಾರ್ತಿರಲಿಲ್ಲ. ನನಗೊಬ್ಬಳಿಗೆ ಧೈರ್ಯ ಇಲ್ಲ. ನೀವು ಬರ್ತೀರಾ?”

ಇಬ್ಬರೂ ಹೋದೆವು. ಯಾವ ನೀರಿನ ಹೂವೆಂದು ನಾನೇ ಹೇಳಿದೆ. ಹೂವಿನವ ಚೆಂಡನ್ನು ಮೂಗಿನ ಹತ್ತಿರ ಒಯ್ದ, ಒಳ್ಳೆಯ ಪರಿಮಳವಿತ್ತು. ಸುತ್ತ ಹೂ ಮಾರಲು ನಿಂತ ಹೆಂಗಸರನ್ನು ನೋಡಿ, ಮೆಲ್ಲಗೆ ಅದನ್ನು ಸೊಸೆಯ ಕೈಗೇ ಮರಳಿಸಿದ.

ಹಿಂದಿರುಗುವಾಗ ಇಗರ್ಜಿಯ ಬಳಿ ಸೊಸೆ ಸ್ಕೂಟರು ನಿಲ್ಲಿಸಲು ಹೇಳಿದರು. ಬಾಯಮ್ಮನ ಸಮಾಧಿಯ ಮುಂದೆ ಬಾಳೆಲೆ ಬಿಡಿಸಿದರು. “ಇದು ಆಚೆಮನೆಯ ಟ್ಯಾಂಕಿನ ನೀರಿನದ್ದು, ಅತ್ತೆ” ಎಂದು ಹೇಳಿ, ಹೂವನ್ನು ಕಲ್ಲಿನ ಮೇಲಿಟ್ಟರು.