ಮಗ್ಗದ ಎದುರಿನ ಕೆಂಪು ಬಟ್ಟೆ

ಮಾತನಾಡುತ್ತಿರುವಾಗಲೂ ಕಾಕುವಿನ ಕತ್ತು ಆಗಾಗ ಗೋಡೆಯ ಕಡೆ ತಿರುಗುತ್ತಿತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ, ನಾನು ಚಿಕ್ಕಮ್ಮನಂತೆ ಕಾಕು ಎಂದು ಕರೆಯುತ್ತಿದ್ದ ಅವರದು ಪಕ್ಕದ ಮನೆ. ಒಳಗೇ ಎರಡು ಪಾವರ್‌ಲೂಮ್ ನಡೆಸುತ್ತಿದ್ದರು. ಮಗ್ಗದ ಎದುರು ಗೋಡೆಗೆ ಕೆಂಪು ಸೀರೆಯ ಚೂರೊಂದು ತೂಗುತ್ತಿತ್ತು. ಅದಕ್ಕೆ ಕಟ್ಟಿದ ದಾರದ ಇನ್ನೊಂದು ತುದಿ ಒಂದು ಕಾಲಕ್ಕೆ, ಹಾಸಿಗೆ ಹಿಡಿದ ಅವರ ಅತ್ತೆಯ ಕೈಯಲ್ಲಿತ್ತು; ಎಳೆದರೆ ಬಟ್ಟೆ ಅಲುಗುತ್ತಿತ್ತು. ಅತ್ತೆ ತೀರಿಕೊಂಡ ಮೇಲೂ ಕತ್ತು ಆ ರೂಢಿ ಬಿಟ್ಟಿರಲಿಲ್ಲ.

ನನ್ನ ಅವ್ವನಿಗೆ ಲಕ್ವ ಹೊಡೆದಾಗ ಮನೆಯಲ್ಲಿ ನಾವಿಬ್ಬರೇ. ಜಮಖಂಡಿಯ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ರಜೆ ಮುಗಿದಿತ್ತು, ಸೋಮವಾರ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಕೆಲಸ ಬಿಡುತ್ತೇನೆಂದು ಕಾಕುವಿಗೆ ಹೇಳಿದೆ.

“ನೌಕರಿ ಬಿಟ್ಟು ಅವ್ವಗ ಗುಳಗಿ ಎಲ್ಲಿಂದ ತರತಿ ಬೇ? ಆಕೀನ್ನ ತಂದು ನನ್ನ ಮಗ್ಗದ ಬಾಜೂ ಖೋಲ್ಯಾಗ ಹಾಕು.”

“ಈ ಗದ್ದಲದಾಗ ಅವ್ವ ಕೂಗಿದ್ರ ನಿಮಗ ಕೇಳತೈತೇನ್ರಿ?”

“ಕೇಳೂದಿಲ್ಲ. ಕಾಣತೈತಿ.”

ಸೋಮವಾರ ಬಸ್ಸಿನ ಅವಸರದಲ್ಲಿ ಅವ್ವನ ಕೈಗೆ ದಾರ ಕಟ್ಟಿದವಳು ನಾನು. ಅಂದಿನ ನನ್ನ ಡೈರಿಯಲ್ಲಿ ‘ದಾರ ಕಟ್ಟಿದೆವು’ ಎಂದಷ್ಟೇ ಇದೆ. ಸ್ವಾಧೀನ ತಪ್ಪಿದ ಬಲಗೈಗೇ ಕಟ್ಟಿದ್ದೆ ಎಂಬುದನ್ನು ಬರೆದುಕೊಂಡಿಲ್ಲ.

“ಇಷ್ಟು ಸಾಲಿ ಕಲತಾಕಿ! ಎಳಿಯೂ ಕೈ ಯಾವುದಂತ ನೋಡಬೇಕಿಲ್ಲೋ?” ಎಂದರು ಸಂಜೆ ಕಾಕು. ನಗುತ್ತ ಅಂದರೋ, ಸಿಟ್ಟಿನಿಂದಲೋ, ಈಗ ಖಚಿತವಿಲ್ಲ. ಅಷ್ಟರಲ್ಲಿ ದಾರ ಎಡಗೈಗೆ ಬಂದಿತ್ತು.

ಅವ್ವ ಸುಮ್ಮಸುಮ್ಮನೆ ಎಳೆಯತೊಡಗಿದಳು. ಎಳೆದಾಗಲೆಲ್ಲ ಕಾಕು ಮಗ್ಗ ನಿಲ್ಲಿಸಿ ಓಡಬೇಕು. ರಜೆಯ ದಿನ ಅದನ್ನು ಕಂಡು ಅವ್ವನ ಮೇಲೆ ರೇಗಿದೆ. ಕಾಕು ನನ್ನನ್ನೇ ಗದರಿದರು: “ಎಳದು ನೋಡಲಿ ಬಿಡು. ಯಾರರ ಬರತಾರಂತ ಖಾತ್ರಿ ಆದಮ್ಯಾಲ ತಾನ ಸುಮ್ನಾಗತಾಳ.”

ವಾರದೊಳಗೆ ಹಾಗೆಯೇ ಆಯಿತು. ಅವ್ವ ಎರಡು ವರ್ಷ ಬದುಕಿದಳು. ನನ್ನ ಕೆಲಸ ಉಳಿಯಿತು.

ಹೋದ ವರ್ಷ ಕಾಕು ತಾವೇ ಹಾಸಿಗೆ ಹಿಡಿದರು. ದಾರ ಅವರ ಕೈಗೆ ಬಂತು, ಮಗ್ಗಕ್ಕೆ ಮಗ ನಿಂತ. ಸಂಜೆ ಕಾಲೇಜಿನಿಂದ ಬಂದು ನಾನು ಪಕ್ಕದಲ್ಲಿ ಕೂತರೆ ಅವರಿಗೆ ಸೇರುತ್ತಿರಲಿಲ್ಲ. “ನನ್ನ ಮಾರಿ ಏನ್ ನೋಡತಿ, ನಿನ್ನ ಕೆಲಸಾ ನೋಡು” ಎಂದು ಅಟ್ಟುತ್ತಿದ್ದರು. ಉತ್ತರಪತ್ರಿಕೆ ಹಿಡಿದು ಕೆಂಪು ಬಟ್ಟೆಯ ಎದುರು ಕೂರುತ್ತಿದ್ದೆ. ಒಂದು ಸಂಜೆ ಅದು ಅಲುಗಿತು. ಪತ್ರಿಕೆಗಳನ್ನು ಚೆಲ್ಲಿ ಓಡಿದೆ.

“ಏನಾತ್ರಿ ಕಾಕು?”

“ಏನಿಲ್ಲ. ಬರತೀಯೋ ಇಲ್ಲೋ ನೋಡಿದ್ನಿ.”

ಮತ್ತೆ ಅವರು ದಾರ ಎಳೆಯಲಿಲ್ಲ. ಐದನೆಯ ದಿನ ತೀರಿಕೊಂಡರು. ನಾನು ಬರುತ್ತೇನೆಂದು ಖಾತ್ರಿಯಾಗಿಯೇ ಹೋದರೆಂದು ನಂಬಿದ್ದೇನೆ. ನನ್ನ ಎಲ್ಲ ನೆನಪುಗಳನ್ನೂ ಅನುಮಾನಿಸುವ ನಾನು ಇದೊಂದನ್ನು ಮುಟ್ಟಲು ಹೋಗಿಲ್ಲ.