ಬೆನ್ನ ಹಿಂದೆ ಬಿಚ್ಚಿದ ಅಂಗೈ

ಚರ್ಚಿನ ಸಭೆಯ ಆರಾಧನೆಯಲ್ಲಿ ಹಾಡು ಎತ್ತಿಕೊಡುವವರು ಎರಡು ಬಗೆ ಎಂದು ಬಲ್ಲವರು ಹೇಳುತ್ತಾರೆ. ಬರೆದ ಪಟ್ಟಿಯನ್ನು ಚಾಚೂ ತಪ್ಪದೆ ಹಾಡಿಸಿ ಮುಗಿಸುವವರು ಒಂದು ಬಗೆ. ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಪವಿತ್ರಾತ್ಮನ ಪ್ರೇರಣೆ ಎಳೆದತ್ತ ಸಭೆಯನ್ನು ಕರೆದೊಯ್ಯುವವರು ಇನ್ನೊಂದು ಬಗೆ. ಈ ಎರಡನೆಯವರ ಪೈಕಿ ನಮ್ಮ ಮಾಸ್ಟರ್ ಅಗ್ರಗಣ್ಯರೆಂಬುದು ಮೂವತ್ತೊಂದು ವರ್ಷಗಳಿಂದ ಸರ್ವಸಮ್ಮತವಾದ ಮಾತು. ಎಪ್ಪತ್ತು ತುಂಬಿದ ಈ ಶುಭಸಂದರ್ಭದಲ್ಲಿ ಅವರು ಹಾಡಿನ ಹೊಣೆಯಿಂದ ನಿವೃತ್ತರಾಗುತ್ತಿದ್ದಾರೆ. ಇಪ್ಪತ್ತೆರಡು ವರ್ಷ ಅವರ ಹಿಂದೆ ಕುಳಿತು ಕೀಬೋರ್ಡ್ ನುಡಿಸಿದವಳು, ಬರುವ ತಿಂಗಳ ಮೊದಲ ಭಾನುವಾರದಿಂದ ಅವರ ಜಾಗದಲ್ಲಿ ನಿಲ್ಲಬೇಕಾದವಳು, ಈ ಲೇಖನ ಬರೆಯಲೇಬೇಕೆಂದು ಸಂಪಾದಕ ಮಂಡಳಿ ಪಟ್ಟು ಹಿಡಿಯಿತು. ಅಭಿನಂದನ ಗ್ರಂಥದಲ್ಲಿ ‘ನಾನು, ನಾನು’ ಎಂದು ಬರೆದುಕೊಳ್ಳುವುದು ಚೆನ್ನಾಗಿರುವುದಿಲ್ಲವಾದ್ದರಿಂದ, ಸಭೆಯವರು ಕರೆಯುವಂತೆ ಆಕೆಯನ್ನು ಇಲ್ಲಿ ಕೀಬೋರ್ಡ್ ಅಕ್ಕ ಎಂದೇ ಕರೆಯಲಾಗಿದೆ. ತನ್ನ ಗೊಂದಲವನ್ನು ಬೇರೆ ಯಾರದೋ ಎಂಬಂತೆ ಹೇಳಿಕೊಂಡರೆ ಸ್ವಲ್ಪ ಮಾನ ಉಳಿದೀತು ಎಂಬ ಆಸೆಯೂ ಇದೆ.

ಮಾಸ್ಟರ್ ವೃತ್ತಿಯಿಂದ ದರ್ಜಿ. ವಾರದ ಆರು ದಿನ ಎರಡೆರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಹಾಕಿದವರಲ್ಲ. ಭಾನುವಾರ ಬಂತೆಂದರೆ ಅದೇ ಮನುಷ್ಯರಿಗೆ ಅಳತೆ ಎಂಬುದೇ ಇಲ್ಲ. ಮೂರು ಚರಣದ ಹಾಡು ಎಂಟು ಸುತ್ತು ಸುತ್ತೀತು, ಎಂಟು ಚರಣದ್ದು ಎರಡಕ್ಕೇ ನಿಂತೀತು. ಅಕ್ಕನದು ಔಷಧದಂಗಡಿ. ವೈದ್ಯರ ಚೀಟಿಯಿಲ್ಲದೆ ಸ್ವಂತ ಅತ್ತೆಗೂ ಒಂದು ಗುಳಿಗೆ ಕೊಟ್ಟವಳಲ್ಲ. ಇಂಥ ಇಬ್ಬರನ್ನು ಒಂದೇ ವೇದಿಕೆಗೆ ಹತ್ತಿಸಿದ ಅಂದಿನ ಸಭಾಪಾಲಕರ ಧೈರ್ಯವನ್ನು ಮೆಚ್ಚತಕ್ಕದ್ದೇ.

ಅಕ್ಕ ಮೊದಲ ಭಾನುವಾರ ನುಡಿಸಿದಾಗ ಬೆರಳುಗಳು ಗಡಗಡ ನಡುಗುತ್ತಿದ್ದವು. ಮಾಸ್ಟರ್ ಮೈಕಿನ ಕಂಬವನ್ನು ಎರಡು ಹೆಜ್ಜೆ ಎಡಕ್ಕೆ ಸರಿಸಿ, ಆ ನಡುಗುವ ಕೈಗಳು ಸಭೆಗೆ ಕಾಣದಂತೆ ಅಡ್ಡ ನಿಂತರು. ಮರುವಾರ ಅವಳ ಸ್ಟೂಲಿನ ಮೇಲೆ ಹೊಸ ದಿಂಬೊಂದು ಬಂದಿತ್ತು, ಕಣ್ಣಳತೆಯಲ್ಲೇ ಹೊಲಿದದ್ದು, ಎತ್ತರ ಸರಿಯಾಗಿತ್ತು. ಅವಳ ತಾಯಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಾಗ, ಅಭ್ಯಾಸವೇ ಬೇಡದ ಮೂರು ಸುಲಭ ಹಾಡುಗಳನ್ನೇ ವಾರವಾರವೂ ಹಾಡಿಸಿದರು. ಸಭೆಯವರು ಅದನ್ನೂ ಪ್ರೇರಣೆಯೆಂದೇ ತಿಳಿದರು.

ಹಾಡುವಾಗ ಅವರ ಎಡಗೈ ಸದಾ ಬೆನ್ನ ಹಿಂದೆ ಇರುತ್ತಿತ್ತು. ಒಂದು ಬೆರಳೆತ್ತಿದರೆ ಮುಂದಿನ ಚರಣ, ಮುಷ್ಟಿ ಹಿಡಿದರೆ ಮುಕ್ತಾಯ ಎಂದು ಮೊದಲೇ ಹೇಳಿಕೊಟ್ಟಿದ್ದರು. ಅಂಗೈ ಬಿಚ್ಚಿದರೆ ಏನೆಂದು ಹೇಳಿಕೊಟ್ಟಿರಲಿಲ್ಲ, ಏಕೆಂದರೆ ಮೊದಲ ಆರು ವರ್ಷ ಅವರು ಅಂಗೈ ಬಿಚ್ಚಿಯೇ ಇರಲಿಲ್ಲ.

ಬಿಚ್ಚಿದ್ದು ಹದಿನಾರು ವರ್ಷದ ಹಿಂದಿನ ಕೃತಜ್ಞತೆಯ ಆರಾಧನೆಯಂದು. ಸೆಕೆ ತಡೆಯಲಾಗದೆ ಹಿರಿಯರೊಬ್ಬರು ಫ್ಯಾನನ್ನು ಐದಕ್ಕೆ ತಿರುಗಿಸಿದ್ದರು. ಸಂತೋಷದ ಹಾಡೊಂದು ಎತ್ತಬೇಕಿದ್ದ ಮಾಸ್ಟರ್ ಬಾಯಿ ತೆರೆಯಲಿಲ್ಲ. ಬೆನ್ನ ಹಿಂದೆ ಐದು ಬೆರಳೂ ಬಿಚ್ಚಿಕೊಂಡವು. ಇದೇನು ಹೊಸ ಸನ್ನೆ ಎಂದು ಅಕ್ಕ ಆ ಕೈಯನ್ನೇ ನೋಡುತ್ತಿದ್ದ ಹೊತ್ತಿನಲ್ಲಿ ಫ್ಯಾನಿನ ಗಾಳಿ ಪುಸ್ತಕದ ಹಾಳೆಗಳನ್ನು ಮಗುಚಿ ಹಾಕಿತು. ನೋಡಿ ನುಡಿಸುವ ಅಭ್ಯಾಸದವಳು, ಕಣ್ಣಿಗೆ ಬಿದ್ದದ್ದನ್ನು ನುಡಿಸಿದಳು. ಅದು ಕಳೆದುಹೋದ ಕುರಿಯನ್ನು ಹುಡುಕಿಕೊಂಡು ಬರುವ ಕುರುಬನ ಹಳೆಯ ಹಾಡು. ತಪ್ಪು ತಿಳಿಯುವಷ್ಟರಲ್ಲಿ ಮಾಸ್ಟರ್ ಅದನ್ನೇ ಎತ್ತಿಕೊಂಡಿದ್ದರು.

ಕೊನೆಯ ಬೆಂಚಿನಲ್ಲಿ ಒಬ್ಬ ಬಸ್ ಚಾಲಕ ಇದ್ದ. ಅಪಘಾತವೊಂದರ ನಂತರ ಹನ್ನೊಂದು ತಿಂಗಳು ಯಾರೊಡನೆಯೂ ತುಟಿಪಿಟಕ್ಕೆನ್ನದೆ ಮನೆಯಲ್ಲಿ ಕುಳಿತಿದ್ದವನು, ಹೆಂಡತಿಯ ಬಲವಂತಕ್ಕೆ ಬಂದಿದ್ದ. ಎರಡನೆಯ ಚರಣಕ್ಕೆ ಎದ್ದು ನಿಂತ. ನಾಲ್ಕನೆಯದಕ್ಕೆ ಮುಂದೆ ಬಂದು ಮೊಣಕಾಲೂರಿ ಗಟ್ಟಿಯಾಗಿ ಹಾಡತೊಡಗಿದ. ಅವನ ತಾಯಿ ಅವನನ್ನು ಮಲಗಿಸುತ್ತಿದ್ದುದು ಆ ಹಾಡಿನಿಂದಲೇ ಅಂತೆ. ಮೂರು ತಿಂಗಳಲ್ಲಿ ಅವನು ಮತ್ತೆ ಕೆಲಸಕ್ಕೆ ಹೋದ. ಈಗಲೂ ಪ್ರತಿವರ್ಷ ಎದ್ದು ನಿಂತು, ಅಂದು ದೇವರು ಮಾಸ್ಟರ ಕಿವಿಯಲ್ಲಿ ನುಡಿದದ್ದನ್ನು ಸಾಕ್ಷಿ ಹೇಳುತ್ತಾನೆ.

ಅಕ್ಕ ಹದಿನಾರು ವರ್ಷ ಫ್ಯಾನಿನ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ಅಲ್ಲಿಂದೀಚೆಗೆ ಮಾಸ್ಟರ ಅಂಗೈ ಆಗಾಗ ಬಿಚ್ಚುತ್ತಿತ್ತು. ಅವರಿಗೇನೋ ತಿಳಿಯುತ್ತಿದೆ, ತಾನು ಕಾಯಬೇಕು ಎಂದು ಅವಳು ಅರ್ಥ ಮಾಡಿಕೊಂಡಳು. ಕಾಯುತ್ತ ಮೆಲ್ಲಗೆ ಏನಾದರೂ ನುಡಿಸುತ್ತಿದ್ದಳು. ಅವರು ಯಾವುದೋ ಹಾಡು ಎತ್ತುತ್ತಿದ್ದರು. ಅದು ಯಾರಿಗೋ ತಾಗುತ್ತಿತ್ತು. ಅವಳಿಗೆ ಮಾತ್ರ ಯಾವ ದನಿಯೂ ಎಂದೂ ಕೇಳಿದ್ದಿಲ್ಲ. ಹಾಗಿರುವಾಗ ಅವರ ಜಾಗದಲ್ಲಿ ನಿಂತು ಸಭೆಯನ್ನು ನಡೆಸುವುದು ಕುರುಡನಿಗೆ ಕೋಲು ಕೊಡದೆ ದಾರಿ ತೋರಿಸು ಎಂದಂತೆಯೇ ಸರಿ. ಈ ಲೇಖನಕ್ಕೆ ವಿವರ ಬೇಕೆಂಬ ನೆಪದಲ್ಲಿ ಕಳೆದ ಬುಧವಾರ ಅವಳು ಮಾಸ್ಟರ ಅಂಗಡಿಗೆ ಹೋದಳು.

ಅವರು ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ಅಕ್ಕ ಫ್ಯಾನಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಾಸ್ಟರ್ ಮಷಿನ್ ನಿಲ್ಲಿಸಿದರು.

“ಫ್ಯಾನಾ?”

“ಹೌದು ಮಾಸ್ಟರ್. ನಾನು ಬೇಕಂತ ನುಡಿಸಿದ್ದಲ್ಲ. ನಿಮಗೆ ಗೊತ್ತಾಗಿದೆ ಅಂದ್ಕೊಂಡಿದ್ದೆ.”

“ನಂಗೇನು ಗೊತ್ತಿತ್ತಮ್ಮ,” ಎಂದರು ಮಾಸ್ಟರ್. “ಅವತ್ತು ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದೆ. ಪಟ್ಟೀದು ಒಂದಕ್ಷರಾನೂ ತಲೇಲಿ ಉಳೀಲಿಲ್ಲ. ಏನು ಮಾಡ್ಲಿ ಅಂತ ಕೈ ಬಿಚ್ಚಿದೆ. ನೀನು ನುಡಿಸ್ದೆ. ನಿನಗೇನೋ ಹೊಳೆದಿದೆ ಅಂದ್ಕೊಂಡು ಹಿಂದೆ ಬಂದೆ.”

“ಆಮೇಲೆ? ಇಷ್ಟು ವರ್ಷ?”

“ಗೊತ್ತಿಲ್ದೇ ಇದ್ದಾಗೆಲ್ಲ ಬಿಚ್ಚಿದೀನಿ. ನಿನ್ನ ಕೈ ಎತ್ತ ಹೋಗತ್ತೋ ಕೇಳ್ಕೊಂಡು ಹಾಡಿದೀನಿ. ನೀನು ಒಂದು ಮಾತೂ ಆಡ್ಲಿಲ್ಲ. ಎಂಥಾ ವಿನಯ ಈ ಹುಡುಗೀದು ಅಂತ ಮನೇಲೂ ಹೇಳ್ತಿದ್ದೆ.”

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಎಂದೂ ಬಾರದ ಸಿಟ್ಟು ಬಂತು. ಅವರು ಇವಳನ್ನು ನಂಬಿಕೊಂಡು, ಇವಳು ಅವರನ್ನು ನಂಬಿಕೊಂಡು! ಹಾಗಾದರೆ ಆ ಚಾಲಕನನ್ನು ಎಬ್ಬಿಸಿದ್ದು ಯಾರು?

“ಹಾಗಾದ್ರೆ ಭಾನುವಾರ ನಾನು ಏನು ನೋಡ್ಕೊಂಡು ನಿಂತ್ಕೊಳ್ಲಿ ಮಾಸ್ಟರ್?”

ಮಾಸ್ಟರ್ ಸೂಜಿಗೆ ದಾರ ಪೋಣಿಸಿದರು. “ನಂಗೊತ್ತಿಲ್ಲಮ್ಮ,” ಎಂದರು. “ದೇವರಾಣೆ ಗೊತ್ತಿಲ್ಲ. ಭಾನುವಾರ ಹಾಕ್ಕೊಳ್ಳೋ ಕುರ್ತಾ ತಂದುಕೊಡು.”

ನಿವೃತ್ತರಾಗುವ ಗುರುಗಳಿಂದ ಮಾರ್ಗದರ್ಶನ ಕೇಳಲು ಹೋಗಿ ಕುರ್ತಾ ಕೊಟ್ಟು ಬಂದದ್ದೇಕೆಂದು ಅಕ್ಕನಿಗೂ ತಿಳಿಯದು. ಶನಿವಾರ ಮಧ್ಯಾಹ್ನ ಅದು ಪೊಟ್ಟಣವಾಗಿ ಔಷಧದಂಗಡಿಗೇ ಬಂತು, ಮಾಸ್ಟರೇ ತಂದರು. ಜೇಬಿಲ್ಲದ ಕುರ್ತಾಕ್ಕೆ ಬಲಗಡೆ ಅಚ್ಚುಕಟ್ಟಾದ ಜೇಬೊಂದು ಕೂತಿತ್ತು.

“ಪಟ್ಟಿ ಬರಿ. ಪೂರ್ತಿ ಬರಿ, ಅರ್ಧಂಬರ್ಧ ಬೇಡ. ಆಮೇಲೆ ಅದರೊಳಗೆ ಇಡು.”

“ಎಡಗಡೆಗೆ ಯಾಕೆ ಇಟ್ಟಿಲ್ಲ? ಎರಡೂ ಕಡೆ ಇದ್ರೆ ಚೆನ್ನಾಗಿರ್ತಿತ್ತು.”

“ಎಡಗೈ ಖಾಲಿ ಇರ್ಬೇಕಲ್ಲ,” ಎಂದರು ಮಾಸ್ಟರ್, ಗುಂಡಿಯ ದರ ಹೇಳುವಷ್ಟೇ ಸಾಧಾರಣವಾಗಿ. ಆಮೇಲೆ ಕೆಮ್ಮಿಗೆ ಏನಾದರೂ ಕೊಡು ಎಂದರು. ಚೀಟಿ ತನ್ನಿ ಎಂದಳು ಅಕ್ಕ.

ಇಷ್ಟು ಬರೆದ ಮೇಲೂ ಅವಳ ಗೊಂದಲ ಹಾಗೇ ಇದೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಕೌಂಟರಿನ ಹಿಂದೆ ನಿಂತು ಅಂಗೈ ಬಿಚ್ಚಿ ನೋಡಿದ್ದಾಳೆ. ಅದರ ಮೇಲೆ ಏನೂ ಬಂದು ಕೂರಲಿಲ್ಲ. ಮಾಸ್ಟರ್ ಮೂವತ್ತೊಂದು ವರ್ಷ ಅಲ್ಲಿ ನಿಂತದ್ದೂ ಹೀಗೇ ಹೆದರಿಕೊಂಡೇ ಎಂದು ನೆನೆದಾಗ ಮಾತ್ರ ಅವರ ಮೇಲಿನ ಸಿಟ್ಟು ಇಳಿದು, ಹಿಂದೆಂದೂ ಇಲ್ಲದಷ್ಟು ಪ್ರೀತಿ ಬರುತ್ತದೆ.

ಆ ಹಿರಿಯ ಜೀವಕ್ಕೆ ದೇವರು ನೂರು ವರ್ಷ ತುಂಬಿಸಲಿ. ಕಾಲು ಮಷಿನ್ನಿನ ಮೇಲೆ, ಕೊರಳು ಹಾಡಿನ ಮೇಲೆ ಆಡುತ್ತಲೇ ಇರಲಿ. ಕೆಮ್ಮು ಬೇಗ ವಾಸಿಯಾಗಲಿ. ಅವರು ಪ್ರತಿ ಭಾನುವಾರವೂ ತಪ್ಪದೆ ಬಂದು ಕೂರಲಿ ಎಂಬುದು ಅಕ್ಕನ ಪ್ರಾರ್ಥನೆ. ಮುಂದಿನ ಬೆಂಚಿನಲ್ಲಿ ಬೇಡ. ವೇದಿಕೆಯ ಹಿಂಬದಿ, ಹೊಸಬರು ನುಡಿಸಲಿರುವ ಕೀಬೋರ್ಡಿನ ಪಕ್ಕ ಒಂದು ಕುರ್ಚಿ ಹಾಕಿಸಿದ್ದಾಳೆ. ಅವಳ ಎಡಗೈ ಕಾಣುವುದು ಅಲ್ಲಿಂದಲೇ.