ಎಷ್ಟು ಹೊತ್ತಿಗೆ ಹೊರಟಿರಿ

ಎದುರಿಗಿದ್ದವರನ್ನೆಲ್ಲ ಅನುಮಾನಿಸುವುದು ಬ್ಯಾಂಕಿನಲ್ಲಿ ಸಹಿ ನೋಡಿ ನೋಡಿ ನನಗೆ ಅಂಟಿದ ಚಾಳಿ. ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ದ್ವಾರಕಾ ನಗರದ ಶಾಖೆಗೆ ಬಂದಮೇಲೆ ಅದು ಇನ್ನಷ್ಟು ಹೆಚ್ಚಿತು. ಭಾಷೆ ಅರ್ಧಂಬರ್ಧ ತಿಳಿಯುವ ಊರಿನಲ್ಲಿ ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕಂತೆ. ನಮ್ಮ ಮೊದಲ ಮಗು ಹುಟ್ಟಿದ ಎರಡನೇ ದಿನಕ್ಕೇ ತೀರಿಕೊಂಡಿತ್ತು. ತಿಂಗಳು ಕಳೆಯುವಷ್ಟರಲ್ಲಿ, ಆರೋಗ್ಯ ಇಲಾಖೆಯವಳು ಎಂದು ಹೇಳುತ್ತ ಒಬ್ಬ ಹೆಂಗಸು ಫೈಲು ಹಿಡಿದು ಬಾಗಿಲಲ್ಲಿ ನಿಂತಳು. ನೀರು ಬೇಕೇ ಎಂದು ಕೇಳುವ ಮೊದಲು ಗುರುತಿನ ಚೀಟಿ ಕೇಳಿದೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಹಸುಗೂಸು ತೀರಿಕೊಂಡ ಮನೆಗಳಿಗೆಲ್ಲ ಹೋಗಿ ಏನಾಯಿತೆಂದು ಬರೆದುಕೊಳ್ಳುತ್ತೇವೆ, ಇನ್ನೊಂದು ಮನೆಯಲ್ಲಿ ಹೀಗಾಗಬಾರದು ಎಂದಳು. ನನಗೆ ನಂಬಿಕೆ ಬರಲಿಲ್ಲ. ತಪ್ಪನ್ನು ನಮ್ಮ ತಲೆಗೆ ಕಟ್ಟಲು ಯಾರೋ ಕಳಿಸಿರಬೇಕು ಅಂದುಕೊಂಡೆ. ನೋವು ಶುರುವಾಗಿ ಎಷ್ಟು ಹೊತ್ತಿಗೆ ಮನೆ ಬಿಟ್ಟಿರಿ ಎಂದು ಕೇಳಿದಳು. “ತಕ್ಷಣ,” ಎಂದೆ. ಒಳಗೆ ಮಲಗಿದ್ದ ಹೆಂಡತಿಯನ್ನು ಮಾತಾಡಿಸಲು ಬಿಡಲಿಲ್ಲ. ಆಕೆಗೆ ಹುಷಾರಿಲ್ಲವೆಂದು ಸಾಗಹಾಕಿದೆ.

ತಕ್ಷಣವಲ್ಲ, ಒಂದೂವರೆ ತಾಸು. ಅವತ್ತು ಹೆಂಡತಿ ನನ್ನ ಮೊಬೈಲಿಗೆ ಫೋನ್ ಮಾಡಿ ನೋವು ಅಂದಾಗ ಶಾಖೆಗೆ ತಪಾಸಣೆಯವರು ಬಂದು ಕೂತಿದ್ದರು. ಇನ್ನೂ ಎಂಟನೇ ತಿಂಗಳು, ತವರಿಗೆ ಕಳಿಸುವ ಮಾತು ನಡೆದಿತ್ತಷ್ಟೆ. ಸುಳ್ಳು ನೋವಿರಬೇಕು, ಒಬ್ಬಳೇ ಇದ್ದು ಹೆದರಿದ್ದಾಳೆ ಎಂದು ಅವಳನ್ನೂ ಅನುಮಾನಿಸಿದೆ. ಮತ್ತೆ ಕರೆ ಬಂದಾಗ, ಕುರ್ಚಿಯಿಂದ ಏಳದೆಯೇ, “ಟ್ರಾಫಿಕ್‌ನಾಗ ಸಿಕ್ಕೀನಿ, ಬಂದೆ,” ಎಂದೆ. ಬೇಗ ಹೋಗಿದ್ದರೆ ಮಗು ಉಳಿಯುತ್ತಿತ್ತೇ ಎಂದು ಆಸ್ಪತ್ರೆಯಲ್ಲಿ ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು.

ಎರಡು ವರ್ಷದ ಮೇಲೆ ವಿಜಯವಾಡಕ್ಕೆ ವರ್ಗವಾಗಿ ಪಟಮಟದಲ್ಲಿ ಮನೆ ಮಾಡಿದೆವು. ಹೆಂಡತಿ ಮತ್ತೆ ಬಸುರಿ, ಏಳು ತಿಂಗಳು. ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ಅಲ್ಲಿಯೇ ಆಗಬೇಕಿತ್ತು. ಆ ಓಣಿಯ ಆರೋಗ್ಯ ಕಾರ್ಯಕರ್ತೆ ಬಸಿರಿಯರ ವಿವರ ಬರೆಯುವ ಪುಸ್ತಕ ಹಿಡಿದು ಆಗಾಗ ಬರುತ್ತಿದ್ದಳು. ನಾನು ಊಟಕ್ಕೆ ಮನೆಗೆ ಬಂದರೆ ಇಬ್ಬರ ತೆಲುಗು ಮಾತು ಗಕ್ಕನೆ ನಿಲ್ಲುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ನನ್ನ ಮನೆಯಲ್ಲಿ, ನನ್ನ ಬೆನ್ನ ಹಿಂದೆ, ಏನು ಬರೆದುಕೊಳ್ಳುತ್ತಿದ್ದಾಳೆ ಇವಳು?

ತಿಂಗಳ ಎರಡನೇ ಶನಿವಾರ, ಬ್ಯಾಂಕಿಗೆ ರಜೆಯಿತ್ತು. ಅವಳು ಬಂದಾಗ ಕುರ್ಚಿ ಎಳೆದುಕೊಂಡು ಎದುರಿಗೇ ಕೂತೆ. ಹಿಂದಿನ ಸಲ ಆಸ್ಪತ್ರೆಗೆ ಹೊರಡಲು ತಡವಾಗಿತ್ತೇ ಸಾರ್ ಎಂದು ನನ್ನನ್ನು ಕೇಳಿದಳು. ಇಲ್ಲ ಎಂದೆ. ಅವಳು ಬರೆಯಲಿಲ್ಲ, ಹೆಂಡತಿಯ ಮುಖ ನೋಡಿದಳು.

“ಯಾಕೆ, ನನ್ನ ಮಾತು ಸಾಲದೇ?” ಎಂದು ಗದರಿದೆ.

ಅವಳು ದನಿ ಏರಿಸಲಿಲ್ಲ. ತಪ್ಪು ಹುಡುಕಲು ಬಂದಿಲ್ಲ, ಆಸ್ಪತ್ರೆ ಸದಾ ವಾಹನ ಕಿಕ್ಕಿರಿಯುವ ಬೆಂಜ್ ಸರ್ಕಲ್ಲಿನ ಆಚೆಗಿದೆ, ನೋವು ಬಂದಾಗ ಕರೆದರೆ ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂದು ಈಗಲೇ ತಿಳಿದಿರಬೇಕು ಎಂದಳು. ಹೆಂಡತಿಯ ಪಾದಗಳು ಬಾತುಕೊಂಡಿದ್ದವು. ಅವನ್ನೇ ನೋಡುತ್ತ, “ಒಂದೂವರೆ ತಾಸು,” ಎಂದೆ. “ಟ್ರಾಫಿಕ್ ಅಲ್ಲ. ಆಫೀಸಿನಲ್ಲೇ ಇದ್ದೆ.”

“ಗೊತ್ತಿತ್ತು,” ಎಂದಳು ಹೆಂಡತಿ, ನನ್ನ ಕಡೆ ನೋಡದೆ. “ಅವತ್ತ ಬ್ಯಾಂಕಿನ ನಂಬರಿಗೂ ಫೋನ್ ಹಚ್ಚಿದ್ದೆ. ಸಾಹೇಬ್ರು ಒಳಗ ಕೂತಾರ ಅಂದ್ರು.”

ಎರಡು ವರ್ಷ ಇದನ್ನು ನುಂಗಿಕೊಂಡೇ ನನಗೆ ಬಡಿಸಿದ್ದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕಾರ್ಯಕರ್ತೆ ಪುಸ್ತಕವನ್ನು ನನ್ನತ್ತ ತಿರುಗಿಸಿದಳು. ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬಲ್ಲಿ ಪಕ್ಕದ ಮನೆಯಾಕೆಯ ನಂಬರು ಹೆಂಡತಿಯ ಅಕ್ಷರದಲ್ಲೇ ಇತ್ತು. ಅದರ ಕೆಳಗೆ ಓಣಿಯ ಆಟೋದವನದು.

“ನಂದು?” ಎಂದೆ.

“ಬರಸ್ರಿ,” ಎಂದಳು ಹೆಂಡತಿ. “ಕೆಳಗ ಜಾಗ ಇದ್ರ.”